ಕಿಲುಬು

ಭಾಗಮಂಡಲದಿಂದ ಕರಿಕೆಗೆ ಹೋಗುವ ಕಾಡುದಾರಿಯಲ್ಲಿ ನನ್ನ ಬೈಕು ನಿಂತುಹೋದದ್ದು ಹೋದ ಕಕ್ಕಡದಲ್ಲಿ, ಕೊಡಗಿನ ಜಡಿಮಳೆಯ ತಿಂಗಳಲ್ಲಿ. ಗಾಳಿಗೆ ಬಿದಿರಿನ ಮೆಳೆಯೊಂದು ರಸ್ತೆಗೆ ಅಡ್ಡ ಬಾಗಿತ್ತು. ಇಂಜಿನ್ ಆಫ್ ಮಾಡಿ ಇಳಿದು, ಒಂದೊಂದೇ ಗಳ ಎಳೆದು ಹಾಕಿ ದಾರಿ ಮಾಡಿಕೊಂಡು ಬಂದು ಬಟನ್ ಒತ್ತಿದೆ. ಸ್ಟಾರ್ಟರ್ ತಿರುಗಿತು, ಇಂಜಿನ್ ಹಿಡಿಯಲಿಲ್ಲ. ಮತ್ತೆ ಒತ್ತಿದೆ. ಟ್ಯಾಂಕಿನೊಳಗಿನ ಪಂಪು 'ಜೊಂಯ್' ಎಂದು ಎರಡು ಸೆಕೆಂಡ್ ಓಡಿ ಸುಮ್ಮನಾಗುವ ಸದ್ದು ಕೇಳುತ್ತಿತ್ತು. ಹಾಗಾದರೆ ಪೆಟ್ರೋಲು ಬರುತ್ತಿದೆ. ಸೈಲೆನ್ಸರಿನಿಂದ ಹಸಿ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಮೀಟರಿನಲ್ಲಿ ಇಂಜಿನ್ ದೀಪ ಹತ್ತಿರಲಿಲ್ಲ. ಫೋನಿನಲ್ಲಿ ಒಂದು ಗೆರೆಯೂ ಸಿಗ್ನಲ್ ಇಲ್ಲ. ಬೂಟಿನೊಳಗೆ ಜಿಗಣೆ ಸೇರಿಕೊಂಡದ್ದು ಆಮೇಲೆ ಗೊತ್ತಾಯಿತು.

ಮುಕ್ಕಾಲು ಗಂಟೆಯ ಮೇಲೆ ಒಂದು ಹಳೇ ಜೀಪು ಬಂತು. ಓಡಿಸುತ್ತಿದ್ದವರು ಎಪ್ಪತ್ತರ ಆಸುಪಾಸಿನ ಹಿರಿಯರು. ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, "ಇದಕ್ಕೇ ನೋಡಿ ನಾವು ಹಳೇದನ್ನ ಬಿಡೋದಿಲ್ಲ. ಇದರಲ್ಲಿ ಕಂಪ್ಯೂಟರ್ ಇದೆ. ಕಾಡಿಗೆ ಬರೋ ಗಾಡಿಗೆ ಕಂಪ್ಯೂಟರ್ ಯಾಕೆ?" ಎಂದರು. ಹಗ್ಗ ತೆಗೆಯಲು ಅವರು ಜೀಪಿನ ಹಿಂದಕ್ಕೆ ಹೋದಾಗ ನಾನು ಇನ್ನೊಮ್ಮೆ ಬಟನ್ ಒತ್ತಿದೆ. ಅಷ್ಟು ಹೊತ್ತಿಗೆ ಇಂಜಿನ್ ಆರಿತ್ತು. ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ ಸ್ಟಾರ್ಟ್ ಆಯಿತು. ದಾರಿಯಲ್ಲಿ ಎಲ್ಲೂ ಆಫ್ ಮಾಡದೆ ಮನೆ ಸೇರಿದೆ.

ಅವರ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಕೂತುಬಿಟ್ಟಿತು. ಕಾಡಿಗೆ ಬರುವ ಗಾಡಿಗೆ ಕಂಪ್ಯೂಟರ್ ಯಾಕೆ? ಮಳೆಯಲ್ಲಿ ಬೈಕು ಕೈಕೊಟ್ಟವರೆಲ್ಲ ಕೇಳುವ ಪ್ರಶ್ನೆ ಇದು. ಅದಕ್ಕೆ ಉತ್ತರ ಹುಡುಕಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು.

ಗಾಳಿಗೆ ಪೆಟ್ರೋಲು ಬೆರೆಸಿ ಇಂಜಿನ್ನಿಗೆ ಕೊಡುತ್ತಿದ್ದ ಕಾರ್ಬ್ಯುರೇಟರ್ ಕಾಲ ನನಗೆ ಚೆನ್ನಾಗಿ ನೆನಪಿದೆ. ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಗಾಡಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಮುಟ್ಟುವಷ್ಟರಲ್ಲಿ ಮಂಕಾಗುತ್ತಿತ್ತು. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲೆ. ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ತೆಳು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹಾಯುವ ಜೆಟ್ಟಿನ ತೂತು ಅಲ್ಲಿ ಎಷ್ಟಿತ್ತೋ ಇಲ್ಲೂ ಅಷ್ಟೇ. ಗಾಳಿ ಕಮ್ಮಿಯಾಯಿತು, ಪೆಟ್ರೋಲು ಅಷ್ಟರಮಟ್ಟಿಗೆ ಕಮ್ಮಿಯಾಗಲಿಲ್ಲ. ಅದಕ್ಕೇ ಗಾಡಿ ಕಟ್ಟಿಕೊಂಡ ಹಾಗೆ ಓಡುತ್ತಿತ್ತು. 5,359 ಮೀಟರ್ ಎತ್ತರದ ಖರ್ದುಂಗ್ ಲಾ ಹತ್ತಿದವರಿಗೆ ಈ ಕಷ್ಟ ಇನ್ನೂ ಚೆನ್ನಾಗಿ ಗೊತ್ತು. ಅಲ್ಲಿ ಗಾಳಿಯ ಒತ್ತಡ ಸಮುದ್ರತೀರದ ಅರ್ಧದಷ್ಟು ಮಾತ್ರ. ಕಂಪ್ಯೂಟರೇ ಅಳೆದು ಪೆಟ್ರೋಲು ಸಿಂಪಡಿಸುವ, ನನ್ನದರಂಥ ಇಂಜೆಕ್ಷನ್ ಗಾಡಿಗೆ ಈ ತಾಪತ್ರಯವಿಲ್ಲ. ಒತ್ತಡ ಅಳೆಯುವ ಸೆನ್ಸಾರ್ ಇದೆ, ಅದು ಹೇಳಿದಷ್ಟು ಪೆಟ್ರೋಲು ಕಡಿತವಾಗುತ್ತದೆ.

ಹಳೆಯದು ಎಂದೂ ಕೈಕೊಡುತ್ತಿರಲಿಲ್ಲ ಎಂಬ ಮಾತನ್ನೂ ನಾನು ಒಪ್ಪಲಾರೆ. ನಮ್ಮ ತೋಟದ ಕಳೆ ಕೊಚ್ಚುವ ಮಿಷಿನ್ನಿಗೆ ಈಗಲೂ ಕಾರ್ಬ್ಯುರೇಟರೇ ಇದೆ. ಎರಡು ತಿಂಗಳು ಪೆಟ್ರೋಲು ಒಳಗೇ ಬಿಟ್ಟರೆ ಮುಗಿಯಿತು, ಅಂಟುಗಟ್ಟಿ ಜೆಟ್ಟು ಕಟ್ಟಿಕೊಳ್ಳುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುವುದರಿಂದ ನಮ್ಮ ಮಳೆಗಾಲದ ತೇವವನ್ನೂ ಅದು ಎಳೆದುಕೊಳ್ಳುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ, ಊದಿ, ಒಂದು ಎಳೆ ತಂತಿಯಲ್ಲಿ ಚುಚ್ಚಿ ಸರಿಮಾಡುತ್ತೇವೆ. ಹಳೆಯದನ್ನು ಬಿಚ್ಚಲು ನಮಗೆ ಬರುತ್ತದೆ. ಕೈಕೊಟ್ಟದ್ದನ್ನು ನಾವು ಕೈಕೊಟ್ಟದ್ದು ಎಂದು ಲೆಕ್ಕಕ್ಕೆ ಹಿಡಿಯದಿರುವುದು ಅದಕ್ಕೇ.

ಇಂಜೆಕ್ಷನ್ ನಿನ್ನೆ ಮೊನ್ನೆಯದೂ ಅಲ್ಲ. ಅಡ್ವೆಂಚರ್ ಬೈಕು ಎನ್ನುವ ಜಾತಿಯನ್ನೇ ಶುರುಮಾಡಿದ ಬಿಎಂಡಬ್ಲ್ಯು ಆರ್ 80 ಜಿ/ಎಸ್ 1980ರಲ್ಲಿ ಕಾರ್ಬ್ಯುರೇಟರ್ ಹೊತ್ತು ಬಂತು. 1994ರ ಹೊತ್ತಿಗೆ ಅದರದೇ ವಂಶದ ಆರ್ 1100 ಜಿಎಸ್ ಇಂಜೆಕ್ಷನ್‌ಗೆ ಬದಲಾಗಿತ್ತು. ನಮ್ಮ ದೇಶದಲ್ಲಿ 2006ರಲ್ಲೇ ಹೀರೋ ಹೋಂಡಾ ಗ್ಲಾಮರ್ ಇಂಜೆಕ್ಷನ್ ಜೊತೆ ಬಂದಿತ್ತು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ ಕಾರ್ಬ್ಯುರೇಟರಿನಲ್ಲಿ ಬಂದು ಮರುವರ್ಷವೇ ಬದಲಾಯಿತು. 2020ರ ಏಪ್ರಿಲ್ 1ಕ್ಕೆ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಗೆ ಬಂದ ಮೇಲಂತೂ ಪೇಟೆಗೆ ತರಕಾರಿ ತರುವ ಗಾಡಿಗೂ ಇಂಜೆಕ್ಟರ್ ಬಂತು. ಬೆಳಿಗ್ಗೆ ಹಾಲು ಹಾಕುವವರು ಜಡಿಮಳೆಯಲ್ಲಿ ಅದನ್ನೇ ಓಡಿಸುತ್ತಾರೆ. ಅವರ ಗಾಡಿಗಳು ದಾರಿಯಲ್ಲಿ ಸಾಲುಗಟ್ಟಿ ನಿಂತಿದ್ದನ್ನು ನಾನು ನೋಡಿಲ್ಲ.

ಹಾಗಾದರೆ ನನ್ನದು ನಿಂತದ್ದೇಕೆ?

ಜಿಲ್ಲೆಯ ಹೊರಗಿನ ಸರ್ವಿಸ್ ಸೆಂಟರಿಗೆ ಗಾಡಿಯನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಹೋದೆ. ಲ್ಯಾಪ್‌ಟಾಪು ಜೋಡಿಸಿದರು. ದೋಷ ಎಲ್ಲಿದೆ ಎಂದು ಹೇಳುವ ಫಾಲ್ಟ್ ಕೋಡ್ ಒಂದೂ ಇಲ್ಲ. ಅಲ್ಲಿ ನಿಂತಾಗ ಗಾಡಿ ಸರಿಯಾಗಿಯೇ ಸ್ಟಾರ್ಟ್ ಆಗುತ್ತಿತ್ತು. ಎರಡು ದಿನ ಇಟ್ಟುಕೊಂಡು, ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಹೋಗಿರಬೇಕು, ಬದಲಾಯಿಸಿ ನೋಡೋಣ ಎಂದರು. ಬೆಲೆ ಮೂವತ್ತು ಸಾವಿರದ ಮೇಲೆ. ಹಾಕಿದ ಮೇಲೆ ಸರಿಹೋಗದಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ. 'ನೋಡೋಣ' ಎನ್ನುವ ಒಂದು ಮಾತಿಗೆ ಮೂವತ್ತು ಸಾವಿರ ಕೊಡಲು ನನಗೆ ಮನಸ್ಸಾಗಲಿಲ್ಲ. ಗಾಡಿಯನ್ನು ವಾಪಸ್ ತಂದೆ.

ನಾಪೋಕ್ಲು ಕಡೆ ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಪವರ್ ಸ್ಪ್ರೇಯರ್, ಜೀಪು, ಟಿಲ್ಲರ್ ಎಲ್ಲವನ್ನೂ ರಿಪೇರಿ ಮಾಡುವವರು. ಇಂಜೆಕ್ಷನ್ ಗಾಡಿ ಎಂದರೆ ಮೊದಮೊದಲು ಅವರೂ ಹಿಂದೆ ಸರಿಯುತ್ತಿದ್ದರು. ಈಗ ಒಂದು ಅಗ್ಗದ ಸ್ಕ್ಯಾನರ್, ಒಂದು ಮಲ್ಟಿಮೀಟರ್ ಇಟ್ಟುಕೊಂಡಿದ್ದಾರೆ. ಅವರು ಕೋಡ್ ನೋಡಲು ಹೋಗಲೇ ಇಲ್ಲ. ಗಾಡಿ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಲು ಬಿಟ್ಟರು. ಆಮೇಲೆ ಸ್ಕ್ಯಾನರಿನಲ್ಲಿ ಸೆನ್ಸಾರುಗಳು ಆ ಕ್ಷಣಕ್ಕೆ ಹೇಳುತ್ತಿರುವ ಅಂಕಿಗಳ ಪುಟ ತೆಗೆದು, ಅಂಗೈಯನ್ನು ಇಂಜಿನ್ ಪಕ್ಕಕ್ಕೆ ಹಿಡಿದರು.

"ಕೈ ಇಡೋಕಾಗ್ತಿಲ್ಲ, ಅಷ್ಟು ಕಾದಿದೆ. ಇದು ನೋಡಿದ್ರೆ ಇಪ್ಪತ್ತೆರಡು ಡಿಗ್ರಿ ಅಂತಿದೆ."

ನನಗೆ ಆಗ ನೆನಪಾಯಿತು. ಒಂದು ವಾರದಿಂದ ಮೀಟರಿನಲ್ಲಿ ಉಷ್ಣತೆಯ ಗೆರೆ ಏರಿರಲೇ ಇಲ್ಲ. ಮಳೆಗಾಲ, ತಂಪಾಗಿರಬೇಕು ಎಂದುಕೊಂಡಿದ್ದೆ.

ಅವರು ಟ್ಯಾಂಕ್ ಎತ್ತಿ, ಇಂಜಿನ್ನಿನ ತಲೆಯ ಪಕ್ಕದಲ್ಲಿರುವ ಉಷ್ಣತೆಯ ಸೆನ್ಸಾರಿನ ಪ್ಲಗ್ ಬಿಚ್ಚಿದರು. ಬೆರಳ ತುದಿಯಷ್ಟು ಗಾತ್ರದ, ಎರಡು ಪಿನ್ನಿನ ಕಪ್ಪು ಪ್ಲಗ್. ಟಾರ್ಚ್ ಹಿಡಿದು ನೋಡಿದರೆ ಒಂದು ಪಿನ್ನಿನ ಬುಡದಲ್ಲಿ ಹಸಿರು ನೀಲಿ ಬಣ್ಣದ ಹಿಟ್ಟು. ಮೊನ್ನೆ ತಾನೇ ಅಟ್ಟದಿಂದ ಇಳಿಸಿದ ತಾಮ್ರದ ಹಂಡೆಯ ಕಂಠದಲ್ಲಿ ಕಂಡದ್ದೂ ಅದೇ ಬಣ್ಣ.

"ಕಿಲುಬು," ಎಂದರು.

ಆ ಎರಡು ಪಿನ್ನಿನ ಲೆಕ್ಕ ಹೀಗೆ. ಉಷ್ಣತೆಯ ಸೆನ್ಸಾರ್ ಎಂದರೆ ಕಾದಷ್ಟೂ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಕಮ್ಮಿಯಾಗುವ ಒಂದು ಸಣ್ಣ ತುಣುಕು. ತಣ್ಣಗಿರುವಾಗ ಎರಡು ಸಾವಿರ ಓಮ್‌ಗೂ ಹೆಚ್ಚು, ಇಂಜಿನ್ ಪೂರ್ತಿ ಕಾದಾಗ ಮುನ್ನೂರರ ಆಸುಪಾಸು. ಇಸಿಯು 5 ವೋಲ್ಟ್ ಕಳಿಸಿ, ನಡುವೆ ಎಷ್ಟು ಉಳಿಯಿತು ಎಂದು ನೋಡಿ ಉಷ್ಣತೆ ತಿಳಿಯುತ್ತದೆ. ಅದಕ್ಕೆ ಕಣ್ಣಿಲ್ಲ, ಚರ್ಮವಿಲ್ಲ. ಆ ವೋಲ್ಟೇ ಅದರ ಪ್ರಪಂಚ. ಮೆಕ್ಯಾನಿಕ್ ಸೆನ್ಸಾರಿನ ಮೇಲೆಯೇ ಮೀಟರಿಟ್ಟು ನೋಡಿದರು, ಮುನ್ನೂರು ಚಿಲ್ಲರೆ. ಪ್ಲಗ್ ಹಾಕಿ ತಂತಿಯ ಆ ತುದಿಯಿಂದ ನೋಡಿದರು, ಎರಡು ಸಾವಿರ ದಾಟಿತು. ಕಿಲುಬಿನ ರೆಸಿಸ್ಟೆನ್ಸ್ ಸೆನ್ಸಾರಿನದರ ಜೊತೆ ಕೂಡಿಕೊಂಡಿತ್ತು. ಇಸಿಯುಗೆ ಇಂಜಿನ್ ಚಳಿಗಾಲದ ಬೆಳಗಿನಷ್ಟು ತಣ್ಣಗಿದೆ ಎಂಬ ಸುದ್ದಿ ಹೋಗುತ್ತಿತ್ತು. ಚಳಿಗೆ ತಕ್ಕ ಹಾಗೆ ಅದು ಪೆಟ್ರೋಲು ಸುರಿಯುತ್ತಿತ್ತು, ಹಿಂದೆ ನಾವು ಚೋಕ್ ಎಳೆಯುತ್ತಿದ್ದ ಹಾಗೆ. ಕಾದ ಇಂಜಿನ್ನಿಗೆ ಚೋಕ್ ಎಳೆದು ಸ್ಟಾರ್ಟ್ ಮಾಡಲು ಹೋದರೆ ಏನಾಗುತ್ತದೋ ಅದೇ ಕರಿಕೆ ದಾರಿಯಲ್ಲಿ ಆದದ್ದು. ಸ್ಪಾರ್ಕ್ ಪ್ಲಗ್ ನೆನೆದು ಕಪ್ಪಾಗಿತ್ತು.

ಫಾಲ್ಟ್ ಕೋಡ್ ಯಾಕೆ ಬರಲಿಲ್ಲ ಎಂಬುದೂ ಇದರಲ್ಲೇ ಇದೆ. ತಂತಿ ಕಡಿದಿದ್ದರೆ ಅಥವಾ ಶಾರ್ಟ್ ಆಗಿದ್ದರೆ ಇಸಿಯುಗೆ ಸಾಧ್ಯವೇ ಇಲ್ಲದ ಅಂಕಿ ಸಿಗುತ್ತಿತ್ತು, ಆಗ ದೀಪ ಹತ್ತುತ್ತಿತ್ತು. ಇಪ್ಪತ್ತೆರಡು ಡಿಗ್ರಿ ಎಂಬುದು ಸುಳ್ಳಾದರೂ ನಂಬುವಂಥ ಸುಳ್ಳು. ಅದನ್ನು ಹಿಡಿಯಲು ಇಂಜಿನ್ ಪಕ್ಕಕ್ಕೆ ಇಟ್ಟ ಒಂದು ಕೈ ಬೇಕಿತ್ತು. ಕಂಪ್ಯೂಟರ್ ಕೆಟ್ಟಿರಲಿಲ್ಲ. ಕೇಳಿಸಿಕೊಂಡದ್ದಕ್ಕೆ ತಕ್ಕಂತೆ ಅದು ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಪಿನ್ನಿಗೆ ಕಿಲುಬು ಹಿಡಿದದ್ದೇಕೆ ಎಂಬುದನ್ನು ನನಗೆ ಬಿಡಿಸಿ ತೋರಿಸಿದ್ದು ನನ್ನ ಅಮ್ಮ. ಬಿಚ್ಚಿದ ಹಳೇ ಪಿನ್ನನ್ನು ಮನೆಗೆ ತಂದು ಜಗಲಿಯ ಮೇಲಿಟ್ಟಿದ್ದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಕಲಾಯಿ ಹೋಗಿದೆಯಲ್ಲೋ ಇದಕ್ಕೆ" ಎಂದರು. ನಾನು ಅವಾಕ್ಕಾದೆ, ಏಕೆಂದರೆ ಅದು ಅಕ್ಷರಶಃ ನಿಜ. ಇಂಥ ಪಿನ್ನುಗಳು ತಾಮ್ರದ ಮಿಶ್ರಲೋಹದವು, ಮೇಲೆ ತವರದ ತೆಳು ಲೇಪ. ನಮ್ಮ ಹಿತ್ತಾಳೆ ಪಾತ್ರೆಗೆ ಕಲಾಯಿಯವನು ಬೆಂಕಿಯ ಮೇಲೆ ಹಚ್ಚುತ್ತಿದ್ದದ್ದೂ ಅದೇ ತವರ. ಕಲಾಯಿ ಸವೆದ ಪಾತ್ರೆಯಲ್ಲಿ ಹುಳಿ ಇಡಬಾರದು, ಕಿಲುಬು ಏಳುತ್ತದೆ ಎಂದು ಅಮ್ಮ ನಮಗೆ ಚಿಕ್ಕಂದಿನಿಂದ ಹೇಳುತ್ತಿದ್ದರು. ಬೈಕಿನಲ್ಲಿ ಕಲಾಯಿ ಸವೆಸುವುದು ಸೌಟಲ್ಲ, ನಡುಕ. ಕಲ್ಲುದಾರಿಯಲ್ಲಿ ಪ್ಲಗ್ಗಿನೊಳಗೆ ಎರಡು ಲೋಹದ ಮೈಗಳು ಕೂದಲೆಳೆಯಷ್ಟೂ ಇಲ್ಲದ ದೂರ ಹಿಂದೆ ಮುಂದೆ ಉಜ್ಜಿಕೊಳ್ಳುತ್ತವೆ. ಸಾವಿರ ಕಿಲೋಮೀಟರ್, ಹತ್ತು ಸಾವಿರ ಕಿಲೋಮೀಟರ್ ಉಜ್ಜಿಕೊಂಡು ತವರ ಪುಡಿಯಾಗುತ್ತದೆ. ಕೆಳಗಿನ ತಾಮ್ರ ಬಯಲಾದ ಮೇಲೆ ನೀರು ಸಿಕ್ಕರೆ ಸಾಕು.

ನೀರು ಹೋದದ್ದು ಹೇಗೆ? ಪ್ಲಗ್ಗಿಗೆ ರಬ್ಬರ್ ಸೀಲ್ ಇತ್ತು. ಮಳೆ ಎಷ್ಟೇ ಜೋರಾದರೂ ಆ ಸೀಲನ್ನು ದಾಟುವುದು ಕಷ್ಟ. ಮೆಕ್ಯಾನಿಕ್ ಮೊದಲು ಕೇಳಿದ್ದೇ ಆ ಪ್ರಶ್ನೆ: "ಗಾಡಿ ಯಾವುದರಲ್ಲಿ ತೊಳೀತೀರಿ?"

ತೋಟದ ಪವರ್ ಸ್ಪ್ರೇಯರಿನಲ್ಲಿ. ಕೊಡಗಿನಲ್ಲಿ ಬಹಳ ಜನ ಹಾಗೆಯೇ ಮಾಡುತ್ತೇವೆ. ಮುಂಗಾರಿಗೆ ಮುಂಚೆ ಕಾಫಿಗೆ ಬೋರ್ಡೋ ಹೊಡೆಯುತ್ತೇವೆ, ಅದೇ ಪೈಪು, ಅದೇ ಗನ್ನು ಹಿಡಿದು ಸಂಜೆ ಗಾಡಿಯ ಕೆಸರು ತೆಗೆಯುತ್ತೇವೆ. ಆ ಒತ್ತಡಕ್ಕೆ ಯಾವ ರಬ್ಬರೂ ತಡೆಯುವುದಿಲ್ಲ. ಬೋರ್ಡೋ ಎಂದರೆ ಮೈಲುತುತ್ತ ಮತ್ತು ಸುಣ್ಣ. ಪೈಪಿನಲ್ಲಿ ಉಳಿದ ಮೈಲುತುತ್ತದ ನೀರು ಲೋಹವನ್ನು ತಿನ್ನುತ್ತದೆ, ಆ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದು ಎಂಬುದು ತೋಟದಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಡ್ರಮ್ಮಿಗೆ ತೋರಿಸುವ ಎಚ್ಚರವನ್ನು ನಾನು ಗಾಡಿಗೆ ತೋರಿಸಿರಲಿಲ್ಲ. ಈಗ ಬಕೆಟ್ಟು, ಬಟ್ಟೆ, ಕೊಳಾಯಿಯ ಸಣ್ಣ ಧಾರೆ, ಅಷ್ಟೇ. ಸೀಟಿನ ಕೆಳಗೂ ಟ್ಯಾಂಕಿನ ಪಕ್ಕಕ್ಕೂ ನೀರು ಹಿಡಿಯುವುದೇ ಇಲ್ಲ.

ಇದಾದ ಮೇಲೆ ಪರಿಚಯದವರ ಗಾಡಿ ನಿಂತ ಕಡೆಯೆಲ್ಲ ಹೋಗಿ ನೋಡುವ ಅಭ್ಯಾಸವಾಯಿತು. ಇಸಿಯು ಸತ್ತದ್ದನ್ನು ಇದುವರೆಗೆ ನಾನು ಒಮ್ಮೆಯೂ ಕಂಡಿಲ್ಲ. ಕಂಡದ್ದು ಬೇರೆ. ಕೆಸರು ತುಂಬಿ, ಸ್ಟ್ಯಾಂಡ್ ಕೆಳಗೇ ಇದೆ ಎಂದುಕೊಂಡ ಸೈಡ್ ಸ್ಟ್ಯಾಂಡ್ ಸ್ವಿಚ್ಚು. ಸ್ಟೋರಿನಲ್ಲಿ ನಿಲ್ಲಿಸಿದ ಗಾಡಿಯ ತಂತಿಯನ್ನು ಇಲಿ ಕಡಿದದ್ದು. ಬ್ಯಾಟರಿಯ ಸಡಿಲವಾದ ಅರ್ತ್ ಬೋಲ್ಟು. ಗಾಳಿಬೀಡಿನ ಆಚೆ ಕಲ್ಲುದಾರಿಯಲ್ಲಿ ಬಿದ್ದ ಗಾಡಿಯನ್ನು ಇಬ್ಬರು ಹುಡುಗರು ತಳ್ಳಿಕೊಂಡು ಬರುತ್ತಿದ್ದರು, ಬೆವರು ಮಳೆ ಒಂದಾಗಿ ಸುರಿಯುತ್ತಿತ್ತು. ಬಿದ್ದಾಗ ಇಂಜಿನ್ ನಿಲ್ಲಿಸುವ ಸೆನ್ಸಾರ್ ತನ್ನ ಕೆಲಸ ಮಾಡಿತ್ತು. ಎತ್ತಿ ನಿಲ್ಲಿಸಿ ಕೀಯನ್ನು ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಸಾಕಿತ್ತು. ಮಾಡಿಸಿದೆ, ಸ್ಟಾರ್ಟ್ ಆಯಿತು. ಆ ಹುಡುಗರಿಗೆ ಗಾಡಿ ಕೊಡುವಾಗ ಈ ಒಂದು ಮಾತನ್ನು ಯಾರೂ ಹೇಳಿರಲಿಲ್ಲ.

ಬ್ಯಾಟರಿಯ ವಿಷಯವನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಜೀಪಿನ ಹಿರಿಯರು ಹೇಳಿದ್ದರಲ್ಲಿ ಸತ್ಯವಿದೆ. ಹಳೇ ಗಾಡಿಯ ಬ್ಯಾಟರಿ ಸತ್ತರೂ ಕಿಕ್ ಹೊಡೆದು ಮನೆಗೆ ಬರಬಹುದಿತ್ತು. ಇಂಜೆಕ್ಷನ್ ಗಾಡಿಯಲ್ಲಿ ಪಂಪು ಸುಮಾರು 3 ಬಾರ್ ಒತ್ತಡ ಕಟ್ಟಬೇಕು, ಬೈಕಿನ ಟೈರಿನ ಗಾಳಿಗಿಂತ ಹೆಚ್ಚಿನ ಒತ್ತಡ ಅದು. ಇಸಿಯು ಎಚ್ಚರವಾಗಿರಬೇಕು, ಇಂಜೆಕ್ಟರ್ ತೆರೆಯಬೇಕು. ಕರೆಂಟು ಪೂರ್ತಿ ಹೋದರೆ ಎಷ್ಟು ತಳ್ಳಿದರೂ ಪ್ರಯೋಜನವಿಲ್ಲ. ಅದಕ್ಕೇ ಕಾಡಿಗೆ ಹೊರಡುವ ಮುಂಚೆ ಮೀಟರ್ ಇಟ್ಟು ನೋಡುತ್ತೇನೆ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟಿಗೆ ಕಡಿಮೆ ಇರಬಾರದು. ಇಂಜಿನ್ ಓಡುವಾಗ 13.8ರಿಂದ 14.5ರ ನಡುವೆ ನಿಲ್ಲಬೇಕು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗುತ್ತಿದೆ ಎಂದರ್ಥ, ಅದು ಬ್ಯಾಟರಿಯನ್ನೂ ಬೇಯಿಸುತ್ತದೆ. ಇನ್ನೊಂದು, ಟ್ಯಾಂಕನ್ನು ತಳಕ್ಕೆ ಬರುವವರೆಗೆ ಓಡಿಸುವುದಿಲ್ಲ. ಪಂಪು ಮುಳುಗಿರುವ ಪೆಟ್ರೋಲೇ ಅದನ್ನು ತಂಪಾಗಿಡುವುದು.

ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಬಗ್ಗೆ ಜನ ಬಹಳ ಕೇಳುತ್ತಾರೆ. ನಾನು ಬಿಟ್ಟುಕೊಡುವುದಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ರಸ್ತೆಯ ಮೇಲೆ ಕೊಳೆತ ಎಲೆ ಬಿದ್ದಿರುವಾಗ, ತಿರುವಿನಲ್ಲಿ ದನ ಎದುರಾದಾಗ ಅದು ನನ್ನನ್ನು ಉಳಿಸಿದೆ. ಸಡಿಲ ಕಲ್ಲಿನ ಇಳಿಜಾರಿನಲ್ಲಿ ಹಿಂದಿನ ಚಕ್ರದ್ದು ಮಾತ್ರ ಆಫ್ ಮಾಡುತ್ತೇನೆ, ಅಲ್ಲಿ ಚಕ್ರ ಸ್ವಲ್ಪ ಕಚ್ಚಿ ಜಾರಿದರೇ ಗಾಡಿ ನಿಲ್ಲುವುದು. ಕೆಸರಿನ ದಾರಿ ಮುಗಿದ ಮೇಲೆ ಎಬಿಎಸ್ ದೀಪ ಹತ್ತಿಕೊಂಡೇ ಇದ್ದರೆ ಗಾಬರಿಪಡಬೇಡಿ. ಚಕ್ರದ ಸೆನ್ಸಾರಿನ ಬಾಯಿಗೆ ಮೆತ್ತಿದ ಮಣ್ಣನ್ನು ಬೆರಳಲ್ಲಿ ಒರೆಸಿ ನೋಡಿ.

ನನಗೆ ನಿಜವಾಗಿ ನೋವಾಗುವುದು ಬೇರೆ ಕಡೆ. ಆ ಎರಡು ಪಿನ್ನಿನ ಪ್ಲಗ್ ಬಿಡಿಯಾಗಿ ಸಿಗುವುದಿಲ್ಲ, ಇಡೀ ವೈರಿಂಗ್ ಹಾರ್ನೆಸ್, ಅಂದರೆ ಗಾಡಿಯ ತಂತಿಗಳ ಗೊಂಚಲನ್ನೇ ಕೊಳ್ಳಬೇಕು ಎಂದು ಸರ್ವಿಸ್ ಸೆಂಟರಿನವರು ಹೇಳಿದರು. ವೈರಿಂಗ್ ನಕ್ಷೆ ಕೇಳಿದರೆ ಹೊರಗೆ ಕೊಡುವುದಿಲ್ಲ ಎಂದರು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಮಾಹಿತಿ ಗ್ರಾಹಕರಿಗೆ ಸಿಗಲೆಂದು ರೈಟ್ ಟು ರಿಪೇರ್ ಪೋರ್ಟಲ್ ತೆರೆದಾಗ ಅದರ ವ್ಯಾಪ್ತಿಯಲ್ಲಿ ವಾಹನಗಳನ್ನೂ ಸೇರಿಸಿತು. ಒಳ್ಳೆಯ ಕೆಲಸ, ಆದರೆ ನಾಪೋಕ್ಲಿನ ಆ ಶೆಡ್ಡಿಗೆ ನಕ್ಷೆ ಇನ್ನೂ ಬಂದಿಲ್ಲ. ರೈಲೇ ಇಲ್ಲದ, ಮಳೆಗೆ ಘಾಟಿ ಕುಸಿದರೆ ಹೊರಗಿನ ದಾರಿಯೇ ಮುಚ್ಚುವ ಜಿಲ್ಲೆ ನಮ್ಮದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆಯ ಗುಡ್ಡಗಳು ಇಳಿದಾಗ ಅದನ್ನು ಕಣ್ಣಾರೆ ಕಂಡಿದ್ದೇವೆ. ಇಲ್ಲಿ ಓಡುವ ಗಾಡಿಯ ಬಗೆಗಿನ ತಿಳಿವಳಿಕೆ ಇಲ್ಲಿಯೇ ಇರಬೇಕು. ಜೀಪಿನ ಹಿರಿಯರು ಮತ್ತೆ ಸಿಕ್ಕರೆ ನಾನು ಹೇಳುವುದು ಇದನ್ನೇ. ಕಾಡಿಗೆ ಕಂಪ್ಯೂಟರ್ ಬರಲಿ, ಅದನ್ನು ಓದುವ ದಾರಿಯೂ ಜೊತೆಗೆ ಬರಲಿ.

ಮೆಕ್ಯಾನಿಕ್ ಆ ದಿನ ಪಿನ್ನು ಕತ್ತರಿಸಿ, ಹಳೇ ಕಾರಿನ ಹಾರ್ನೆಸ್ಸಿನಿಂದ ತೆಗೆದ ಪ್ಲಗ್ಗೊಂದನ್ನು ಬೆಸುಗೆ ಹಾಕಿ ಕೂರಿಸಿದರು. ಒಳಗೆ ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ, ತಂತಿಯನ್ನು ಫ್ರೇಮಿಗೆ ಕಟ್ಟಿ, ಪ್ಲಗ್ ನಡುಗದ ಹಾಗೆ ಮಾಡಿದರು. ಮುನ್ನೂರೈವತ್ತು ರೂಪಾಯಿ ತೆಗೆದುಕೊಂಡರು. ಹೊರಡುವಾಗ, ಗಾಡಿ ಒಂದು ದಿನ ಬಿಟ್ಟುಹೋಗುತ್ತೀರಾ ಎಂದು ಕೇಳಿದರು. ಬಿಟ್ಟೆ. ಮರುದಿನ ಹೋದರೆ ಸೀಟು, ಟ್ಯಾಂಕು, ಪಕ್ಕದ ಕವರು ಎಲ್ಲವನ್ನೂ ಬಿಚ್ಚಿಟ್ಟುಕೊಂಡು, ಕ್ಯಾಲೆಂಡರಿನ ಹಾಳೆಯ ಬಿಳಿ ಬೆನ್ನಿನ ಮೇಲೆ ಮಗಳ ಬಣ್ಣದ ಪೆನ್ಸಿಲಿನಿಂದ ಒಂದೊಂದು ತಂತಿಯನ್ನೂ ಬರೆಯುತ್ತಿದ್ದರು. ಯಾವ ಬಣ್ಣ ಎಲ್ಲಿಂದ ಎಲ್ಲಿಗೆ, ಯಾವ ಪ್ಲಗ್ಗಿಗೆ ಎಷ್ಟು ಪಿನ್ನು, ಕಾದಾಗ ಎಷ್ಟು ಓಮ್, ತಣ್ಣಗಿದ್ದಾಗ ಎಷ್ಟು. ಈಗ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಶೆಡ್ಡಿನ ಗೋಡೆಗೆ ಹೊಡೆದಿದ್ದಾರೆ. ಅದೇ ಮಾದರಿಯ ಗಾಡಿ ಇರುವ ಇನ್ನಿಬ್ಬರು ಬಂದು ಅದರ ಫೋಟೋ ತೆಗೆದುಕೊಂಡು ಹೋದರು.

ಕಂದು ಬಣ್ಣದ ಮೇಲೆ ಬಿಳಿ ಗೆರೆಯಿರುವ ಒಂದು ತಂತಿ ಮಾತ್ರ ನಕ್ಷೆಯಲ್ಲಿ ಅರ್ಧಕ್ಕೇ ನಿಂತಿದೆ. ಹೆಡ್‌ಲೈಟಿನ ಹಿಂದಿನ ಗೊಂಚಲಿನೊಳಗೆ ಹೋಗಿ ಅದು ಕಾಣೆಯಾಗುತ್ತದೆ. ಈ ಭಾನುವಾರ ಮಳೆ ಬಿಟ್ಟರೆ ಮುಂದಿನ ಭಾಗ ಬಿಚ್ಚುತ್ತೇವೆ.